ಡಿಜೆ ಅಕ್ಕನ ಅರ್ಧ ಸಂಗೀತ

ಅಕ್ಕನ ಎಡಗಿವಿಯ ಅಂಚು ಯಾವಾಗಲೂ ಕೆಂಪಗಿರುತ್ತಿತ್ತು. ಹೆಡ್‌ಫೋನನ್ನು ಆ ಕಿವಿಗೂ ಹೆಗಲಿಗೂ ನಡುವೆ ಒತ್ತಿ ಹಿಡಿದು, ಎರಡೂ ಕೈಯಿಂದ ಡಿಜೆ ಯಂತ್ರದ ಗುಂಡಿಗಳನ್ನು ತಿರುಗಿಸುವ ಅಭ್ಯಾಸ. ತರಕಾರಿ ಆರಿಸುವಾಗಲೂ ಕತ್ತು ಅದೇ ಕಡೆ ವಾಲಿರುತ್ತಿತ್ತು.

ವರ್ತೂರಿನಲ್ಲಿ ಅವರು ನನ್ನ ಪಕ್ಕದ ಬಾಡಿಗೆ ಮನೆಯವರು, ಗದಗದ ಕಡೆಯವರು. ವಾರವಿಡೀ ಆಫೀಸು, ಭಾನುವಾರ ಮಧ್ಯಾಹ್ನ ಮಹದೇವಪುರದ ಪಬ್ಬಿನಲ್ಲಿ ಡಿಜೆ. ಮೊದಲ ಸಲ ಅವರ ಮನೆಯಿಂದ ಕಿರ್ರನೆ ತಿರುಚಿಕೊಂಡು ಮೇಲೇರುವ ಸದ್ದು ಕೇಳಿ ಬಾಗಿಲು ತಟ್ಟಿದ್ದೆ.

“ಅಕ್ಕಾ, ನಿಮ್ ಮಿಕ್ಸಿ ಕೆಟ್ಟೋಗಿದ್ಯಾ?”

ಬಿದ್ದು ಬಿದ್ದು ನಕ್ಕರು. “ಮಿಕ್ಸಿ ಅಲ್ಲವ್ವಾ, ಇದೂ ಒಂದು ನಮೂನಿ ಸಂಗೀತ, ಆ್ಯಸಿಡ್ ಅಂತಾರ. ಕುಂದ್ರು, ಚಾ ಮಾಡ್ತೀನಿ.”

ಹೌಸ್ ಎಂಬ ಕುಣಿತದ ಸಂಗೀತದ ಒಂದೇ ಸಮನಾದ ತಾಳದೊಳಗೆ ಹೊಸ ಸದ್ದೊಂದು ಕಳ್ಳಹೆಜ್ಜೆಯಲ್ಲಿ ಬರುವುದನ್ನು ಗುರುತಿಸಲು ನನಗೆ ಕಲಿಸಿದವರು ಅವರೇ. ಆದರೆ ಪಬ್ಬಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಅಲ್ಲಿ ಬೇಕಿದ್ದದ್ದು ಸಿನಿಮಾ ಹಾಡು ಮಾತ್ರ. ಕಾಡಿ ಬೇಡಿದ ಮೇಲೆ ಮ್ಯಾನೇಜರು ಒಂದು ಭಾನುವಾರವನ್ನು ಅವರ ಇಷ್ಟಕ್ಕೆ ಬಿಟ್ಟ. ಹೌಸಿನಿಂದ ಆ್ಯಸಿಡ್‌ಗೆ, ಅಲ್ಲಿಂದ ಎಲೆಕ್ಟ್ರಾನಿಕಾ ಎಂಬ ಇನ್ನೊಂದು ಬಗೆಗೆ ಹರಿಯುವ ಸಂಗೀತವನ್ನು ತಿಂಗಳುಗಟ್ಟಲೆ ಹೆಣೆದರು. ಕೇಳಿಸಿ ಎಂದರೆ ನನಗೂ ಕೇಳಿಸಲಿಲ್ಲ.

“ಮನ್ಯಾಗ ಬ್ಯಾಡ. ಮಂದಿ ನಡುವ ಕೇಳ್ಬೇಕು ಅದನ್ನ.”

ಆ ದಿನ ನಾನೂ ಜೊತೆಗೆ ಹೋದೆ. ಮೊದಲು ಯಾರೂ ತಲೆಯೆತ್ತಲಿಲ್ಲ. ಆ್ಯಸಿಡ್ ಶುರುವಾದಾಗ ಮೂಲೆಯ ಮೇಜಿನ ಹೆಂಗಸೊಬ್ಬಳು ಎದ್ದು ಕುಣಿದಳು. ಅವಳ ಹಿಂದೆ ಇನ್ನಷ್ಟು ಜನ. ಅಕ್ಕನ ಮುಖ ನೋಡಬೇಕಿತ್ತು! ಅಷ್ಟರಲ್ಲಿ ಮ್ಯಾನೇಜರು ಬಂದ.

“ಮೇಡಂ, ಬರ್ತ್‌ಡೇ ಟೇಬಲ್‌ನೋರು ಸಿನಿಮಾ ಸಾಂಗ್ ಕೇಳ್ತಿದಾರೆ. ಹಾಕ್ಬಿಡಿ.”

“ಸ್ವಲ್ಪ ತಡೀರಿ ಸರ್, ಇನ್ನೂ ಅರ್ಧ ಐತಿ.”

ಅವನೇ ಕೈಚಾಚಿ ಸದ್ದು ಇಳಿಸಿದ. ಅಕ್ಕ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಸಿನಿಮಾ ಹಾಡು ಹಾಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಸ್ಕೂಟರಿನಲ್ಲಿ ವಾಪಸಾಗುವಾಗ ಟ್ರಾಫಿಕ್ಕಿನ ನಡುವೆಯೇ ಜಗಳವಾಡಿದೆ. “ಯಾಕ್ ಬಿಟ್ಟುಕೊಟ್ರಿ? ಕಿರುಚಬೇಕಿತ್ತು!”

“ಕಿರುಚಿದ್ರ ಮುಗಸಾಕ ಬಿಡ್ತಿದ್ರೇನು?” ಎಂದರು. “ಮುಗೀಲಿಲ್ಲಲ್ಲ, ಅದೇ ಸಂಕಟ.”

ಮತ್ತೆ ಯಾವ ಪಬ್ಬೂ ಒಪ್ಪಲಿಲ್ಲ. ಉಳಿದರ್ಧ ಕೇಳಿಸಿ ಎಂದು ಎಷ್ಟು ಗೋಗರೆದರೂ ಅಕ್ಕನೂ ಒಪ್ಪಲಿಲ್ಲ. “ಜಾಗ ಸಿಗತೈತಿ, ತಡಿ” ಎನ್ನುತ್ತಿದ್ದರು. ಮಳೆಗಾಲದಲ್ಲಿ ಅವರಿಗೆ ಜ್ವರ ಬಂತು. ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ.

ಅವರ ಅಣ್ಣ ಬಂದು ಮನೆ ಖಾಲಿ ಮಾಡಿ ಲ್ಯಾಪ್‌ಟಾಪ್ ಒಯ್ದಿದ್ದರು. ಆ ಸಂಗೀತ ಇದ್ದದ್ದು ಅದರಲ್ಲೇ. ಫೋನ್ ಮಾಡಿ ಕೇಳಿದೆ.

“ಎಲ್ಲಾ ಅಳಸೇವ್ರೀ. ಮಗಳ ಕಾಲೇಜಿಗೆ ಬೇಕಾಗಿತ್ತು. ಏನರೆ ಮುಖ್ಯದ್ದಿತ್ತೇನ್ರೀ?”

ಪಾಪ, ಅವರಿಗೇನು ಗೊತ್ತು. “ಇಲ್ಲ” ಎಂದು ಫೋನಿಟ್ಟೆ.

ಈಗ ಯಾವ ಸಂಗೀತ ಕೇಳಿದರೂ ಅದರೊಳಗಿನ ಪದರ ಪದರ ನನಗೆ ಕೇಳಿಸುತ್ತದೆ. ಅದು ಅಕ್ಕ ಕೊಟ್ಟ ಕಿವಿ. ಆದರೂ ನನಗೆ ಸಿಟ್ಟಿರುವುದು ಮ್ಯಾನೇಜರನ ಮೇಲಲ್ಲ, ಆ ಅಣ್ಣನ ಮೇಲೂ ಅಲ್ಲ, ಅಕ್ಕನ ಮೇಲೆ. ನನಗೊಬ್ಬಳಿಗಾದರೂ ಕೇಳಿಸಬಹುದಿತ್ತು.