ಎಂಟು ದಿನಕ್ಕೊಮ್ಮೆ ನೀರು, ಹನ್ನೊಂದು ಕೌದಿ

ನನ್ನ ಬಟ್ಟೆ ಒಗೆಯುವ ಮಷಿನ್ ಟೆಂಪೋದಿಂದ ಕೆಳಗಿಳಿಯುವಾಗ ಅಲ್ಲಿ ಐದು ಜನ ಇದ್ದೆವು. ಮನೆಯೊಡತಿ ನೀಲವ್ವ ಕಟ್ಟೆಯ ಮೇಲೆ ಮೊರ ಹಿಡಿದು ಕೂತಿದ್ದರು. ಅವರ ಮಗ ಈರಣ್ಣ ಮಷಿನ್ನಿನ ಒಂದು ಮೂಲೆ ಹಿಡಿದಿದ್ದ. ಸೊಸೆ ರೇಣುಕಾ ಸೊಂಟದಲ್ಲಿ ಕೊಡ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಎದುರಿನ ಬೇವಿನ ಮರದ ಕೆಳಗೆ ಇಸ್ತ್ರಿ ಮಾಡುವ ಮೌಲಾಸಾಬರು ಪೆಟ್ಟಿಗೆ ಎತ್ತಿದ ಕೈಯನ್ನು ಹಾಗೇ ಎತ್ತಿಕೊಂಡಿದ್ದರು. ಐದನೆಯವಳು ನಾನು, ಕುಂದಾಪುರದಿಂದ ವರ್ಗವಾಗಿ ನವಲಗುಂದದ ಪಕ್ಕದ ಈ ಊರಿನ ಹೈಸ್ಕೂಲಿಗೆ ಬಂದ ಹಿಂದಿ ಟೀಚರು, ನೀಲವ್ವನ ಹೊಸ ಬಾಡಿಗೆಯವಳು.

ನೀಲವ್ವ ಎದ್ದು ಬಂದರು. ಮಷಿನ್ನಿನ ಮುಚ್ಚಳ ತೆಗೆದು ಮೊಣಕೈವರೆಗೆ ಒಳಗೆ ಇಳಿಸಿ, ಬಾವಿಯ ಆಳ ನೋಡುವವರಂತೆ ತಡವಿ ಕೇಳಿದರು: "ಇದು ಎಷ್ಟು ಕೊಡ ಕುಡೀತೈತ್ರಿ?"

ಐವತ್ತೊಂದು ವರ್ಷ ಬದುಕಿದ್ದೆ, ಹದಿನೈದು ವರ್ಷ ಆ ಜಾತಿಯ ಯಂತ್ರ ಬಳಸಿದ್ದೆ, ಯಾರೂ ಇದನ್ನು ಕೇಳಿರಲಿಲ್ಲ. ನಮ್ಮಲ್ಲಿ ಬಾವಿಗೆ ಪಂಪು, ಪಂಪಿಗೆ ಟ್ಯಾಂಕಿ, ಟ್ಯಾಂಕಿಗೆ ಕೊಳವೆ. ಗುಂಡಿ ಒತ್ತಿದರೆ ಮುಗಿಯಿತು.

"ಎಮ್ಮಿಗಿಂತ ಕಡಿಮಿ ಕುಡದ್ರ ಸಾಕು ಬಿಡ್ರೀ ಅತ್ತಿ," ಎಂದಳು ರೇಣುಕಾ.

"ಎಮ್ಮಿ ಕುಡದ್ರ ಹಾಲರ ಕೊಡತೈತಿ," ಎಂದು ನೀಲವ್ವ ಮುಚ್ಚಳ ಹಾಕಿದರು.

ಆ ಪ್ರಶ್ನೆಯ ಅರ್ಥ ತಿಳಿಯಲು ನನಗೆ ಒಂದು ವಾರ ಬೇಕಾಯಿತು. ಇಲ್ಲಿ ನಲ್ಲಿಯಲ್ಲಿ ನೀರು ಬರುವುದು ಎಂಟು ದಿನಕ್ಕೊಮ್ಮೆ, ಅದೂ ಒಂದೂವರೆ ತಾಸು. ಆ ದಿನ ಊರಿನಲ್ಲಿ ಖಾಲಿ ಪಾತ್ರೆ ಎಂಬುದು ಉಳಿಯುವುದಿಲ್ಲ, ಒಗ್ಗರಣೆಯ ಸೌಟನ್ನೂ ತುಂಬಿಸಿ ಇಡುತ್ತಾರೇನೋ ಅನ್ನಿಸುತ್ತದೆ. ನನ್ನ ಮಷಿನ್ ಪಡಸಾಲೆಯ ಮೂಲೆ ಸೇರಿತು. ನೀಲವ್ವ ಅದರ ಮೇಲೆ ಜೋಳದ ಚೀಲ ಇಟ್ಟರು.

ಕುಂದಾಪುರದಲ್ಲಿ ಕೂತು ಇದನ್ನು ಓದುತ್ತಿರುವ ನಿಮಗೆ ನಗು ಬರಬಹುದು. ನಮ್ಮಲ್ಲಿ ನೀರು ಬೇಕಾದಷ್ಟು, ಬಿಸಿಲಿಲ್ಲ. ಆಟಿ ತಿಂಗಳ ಮಳೆಯಲ್ಲಿ ಒಲೆಯ ಮೇಲಿನ ಹಗ್ಗಕ್ಕೆ ಹಾಕಿದ ಲಂಗ ನಾಲ್ಕನೆಯ ದಿನಕ್ಕೆ ಹೊಗೆ ವಾಸನೆಯೊಂದಿಗೆ ಒಣಗುತ್ತದೆ, ಅದನ್ನೇ ಉಟ್ಟು ಶಾಲೆಗೆ ಹೋದವರು ನಾವು. ಇಲ್ಲಿ ಒಂದು ಕಡೆ ಸೀರೆ ಹಾಕುತ್ತಾ ಇನ್ನೊಂದು ತುದಿಗೆ ಬರುವಷ್ಟರಲ್ಲಿ ಮೊದಲ ತುದಿ ಒಣಗಿರುತ್ತದೆ. ನೀರು ಮಾತ್ರ ಎಣಿಸಿ ಬಳಸಬೇಕು.

ಹಾಗೆ ಈ ವಯಸ್ಸಿನಲ್ಲಿ ಬಟ್ಟೆ ಒಗೆಯುವುದನ್ನು ಕಲಿತೆ. ಎರಡು ಬಕೀಟು. ಮೊದಲು ಬಿಳಿ ಬಟ್ಟೆ, ಅದೇ ನೀರಿಗೆ ಬಣ್ಣದ್ದು, ಅದೇ ನೀರಿಗೆ ಒರಸುವ ಅರಿವೆ, ಉಳಿದದ್ದು ಅಂಗಳಕ್ಕೆ. ಇವರು ಬಟ್ಟೆಗೆ ಅರಿವಿ ಎನ್ನುತ್ತಾರೆ, ನನಗೆ ಅಕ್ಕೋರ ಎನ್ನುತ್ತಾರೆ. ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಇಲ್ಲಿ ಅಕ್ಕೋರು. ಮೊದಲ ಮಳೆಗೆ ಸೀರೆಯ ಅಂಚಿಗೆ ಕಪ್ಪು ಮಣ್ಣು ಮೆತ್ತಿದಾಗ ನಾನು ಬಾಗಿಲಲ್ಲೇ ಕೂತು ಉಜ್ಜತೊಡಗಿದ್ದೆ. ನಮ್ಮ ಕೆಂಪು ಮಣ್ಣನ್ನು ಹಸಿಯಿದ್ದಾಗಲೇ ತೊಳೆಯಬೇಕಲ್ಲ, ಆ ಅಭ್ಯಾಸ. ನೀಲವ್ವ ಓಡಿ ಬಂದು ಕೈ ಹಿಡಿದರು.

"ಒಣಗಲಿ ಬಿಡ್ರೀ! ಎರಿ ಮಣ್ಣು ಐತಿದು. ಹಸೀದು ತಿಕ್ಕಿದ್ರ ಅಗದಿ ಒಳಗ ಹೋಗಿ ಕುಂದರತೈತಿ. ಮುಂಜಾನೆ ಝಾಡಸ್ರಿ, ತಾನ ಉದರತೈತಿ."

ಬೆಳಿಗ್ಗೆ ಝಾಡಿಸಿದೆ, ಉದುರಿತು. ಆದರೆ ನಾನು ಉಜ್ಜಿದ್ದ ಒಂದು ಗೇಣು ಜಾಗದಲ್ಲಿ ಈಗಲೂ ಮಸುಕು ಕಲೆ ಇದೆ.

ಇಸ್ತ್ರಿಯ ಕತೆಯೂ ಹೀಗೆಯೇ. ಈ ಕಾಲದಲ್ಲಿ ಇಸ್ತ್ರಿ ಯಾರಿಗೆ ಬೇಕು ಎಂದು ಕುಂದಾಪುರದ ನನ್ನ ತಂಗಿ ಫೋನಿನಲ್ಲಿ ಕೇಳುತ್ತಾಳೆ. ಕೊಡವಿದರೆ ಸುಕ್ಕು ಬಿಡುವ ಬಟ್ಟೆ ಬಂದಿವೆಯಲ್ಲ ಎನ್ನುತ್ತಾಳೆ. ಮೌಲಾಸಾಬರನ್ನು ಕೇಳಿದೆ. ಅವರು ಪೆಟ್ಟಿಗೆಯ ಕೆಂಡಕ್ಕೆ ಊದುತ್ತಾ ಹೇಳಿದರು: "ದಿನಾ ಇಸ್ತ್ರಿ ಬೇಕಾಗೂದು ಊರಾಗ ಮೂರ ಮಂದಿಗ್ರೀ. ನೀವು, ಬ್ಯಾಂಕಿನ ಸಾಹೇಬ್ರು, ಮತ್ತ ಕನ್ಯಾ ನೋಡಾಕ ಹೊಂಟ ವರ. ಉಳದವ್ರು ಹಾಸಿಗಿ ಬುಡಕ ಇಟ್ಟು ಮಕ್ಕೊತಾರ. ಮಡಚಿ ಹೊಂಟ್ರ ಸಾಕು ಅವರಿಗೆ." ಆಮೇಲೆ ನನ್ನ ಸೀರೆ ಕೊಡುತ್ತಾ, "ಆದ್ರ ಆ ವರಾನೂ ಲಗ್ನ ಆದಮ್ಯಾಲ ಬರೂದಿಲ್ಲ," ಎಂದರು.

ದಣಿವು ಎಂದರೇನೆಂದು ಇಲ್ಲಿ ತಿಳಿಯಿತು. ಏಳು ತರಗತಿ ಮುಗಿಸಿ ಬಂದು ಕುಕ್ಕರಗಾಲಲ್ಲಿ ಕೂತರೆ ಏಳುವಾಗ ಗೋಡೆ ಹಿಡಿಯಬೇಕು. ಭಾನುವಾರ ಎಂದರೆ ಒಗೆಯುವ ದಿನ. ಮಾತಾಡಲು ನೀಲವ್ವನ ಮನೆಯೊಂದೇ. ವರ್ಗಾವಣೆಗೆ ಅರ್ಜಿ ಹಾಕಿ ಕಾಯತೊಡಗಿದ್ದೆ. ಕೈಯಲ್ಲಿ ಒಗೆದ ಬಟ್ಟೆಯ ಹೊಳಪೇ ಬೇರೆ ಎನ್ನುವವರು ಸಿಕ್ಕರೆ, ಯಾರ ಕೈ ಎಂದು ಕೇಳಬೇಕೆನಿಸುತ್ತಿತ್ತು.

ನೀಲವ್ವನ ಮನೆಯಲ್ಲಿ ಆ ಕೈ ರೇಣುಕಾಳದು. ಏಳು ಜನರ ಅರಿವಿ, ಎಲ್ಲವೂ ಅವಳದೇ. ಹೊಲದಲ್ಲಿ ಹೆಸರುಕಾಯಿ ಬಿಡಿಸಿ ಮುಗಿದ ಮೇಲೆ ಅವಳ ಬಲ ಭುಜ ಹಿಡಿದುಕೊಂಡಿತು. ಕೈ ಎತ್ತಿ ಹೆರಳು ಹಾಕಿಕೊಳ್ಳಲು ಆಗುತ್ತಿರಲಿಲ್ಲ, ನನ್ನ ಹತ್ತಿರ ಬಂದು ಹಾಕಿಸಿಕೊಳ್ಳುತ್ತಿದ್ದಳು. ನವಲಗುಂದದ ಡಾಕ್ಟರು ಭಾರ ಎತ್ತಬೇಡ, ಹಿಂಡಬೇಡ, ಹಿಂಡಿದರೆ ಕೈ ಇಷ್ಟೂ ಏಳದ ಹಾಗೆ ಆದೀತು ಎಂದಿದ್ದರು. ಅದನ್ನು ಅವಳು ಹೇಳಿದ್ದು ನನಗೊಬ್ಬಳಿಗೆ.

ಮುಂದೆ ಬಂದದ್ದು ಮಾನಾಮಿ ಅಮಾಸಿ, ನಮ್ಮ ಮಾರ್ನೆಮಿಯ ಮುಂಚಿನ ಅಮಾವಾಸ್ಯೆ. ದಸರೆಗೆ ಮನೆಯಲ್ಲಿ ದೀಪ ಹಾಕುವ ಮೊದಲು ಹಾಸಿಗೆ ಹೊದಿಕೆಯೆಲ್ಲ ಒಗೆದು ಹಸನಾಗಬೇಕು. ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಹೊದಿಕೆಗೆ ಇಲ್ಲಿ ಕೌದಿ ಎನ್ನುತ್ತಾರೆ. ಒಣಗಿದ್ದಾಗಲೇ ಒಂದು ಕೂಸಿನ ಭಾರ. ಊರಿಗೆ ಊರೇ ಟ್ರ್ಯಾಕ್ಟರಿನಲ್ಲಿ ಕೌದಿ ಹೇರಿಕೊಂಡು ಕಾಲುವೆಗೆ ಹೋಗುತ್ತದೆ. ಹೆಂಗಸರು ಒಗೆಯುತ್ತಾರೆ, ಗಂಡಸರು ಟ್ರ್ಯಾಕ್ಟರಿನ ನೆರಳಲ್ಲಿ ಕೂತು ಚುರುಮುರಿ ತಿನ್ನುತ್ತಾರೆ. ನೀಲವ್ವನ ಮನೆಯಲ್ಲಿ ಹನ್ನೊಂದು ಕೌದಿ. ಹಿಂಡಲು ಇಬ್ಬರು ಬೇಕು. ಇಪ್ಪತ್ತು ವರ್ಷದಿಂದ ಆ ಇಬ್ಬರು ಅತ್ತೆ ಸೊಸೆ.

"ಅಕ್ಕೋರ, ನಿಮ್ಮ ಮಷಿನ್ನ್ಯಾಗ ಕೌದಿ ಹಿಡಸತೈತೇನ್ರಿ?" ಎಂದು ಒಂದು ದಿನ ಹೆರಳು ಹಾಕಿಸಿಕೊಳ್ಳುತ್ತಾ ರೇಣುಕಾ ಕೇಳಿದಳು. ಮುಖ ಆಚೆ ಇತ್ತು, ಧ್ವನಿಯಲ್ಲಿದ್ದ ಆಸೆ ನನಗೆ ಕೇಳಿಸಿತು. ಹಿಡಿಸುತ್ತದೆ ಎಂದುಬಿಟ್ಟೆ. ಒಂದು ಹಿಡಿಸಿದರೆ ಹನ್ನೊಂದೂ ಆದಾವು, ಕಾಲುವೆ ತಪ್ಪುತ್ತದೆ, ಇದು ನಮ್ಮ ಲೆಕ್ಕಾಚಾರ.

ನೀಲವ್ವ ಸಂತೆಗೆ ನವಲಗುಂದಕ್ಕೆ ಹೋದ ದಿನ ಜೋಳದ ಚೀಲ ಇಳಿಸಿದೆವು. ಎಲ್ಲಕ್ಕಿಂತ ತೆಳ್ಳಗಿನ ಕೌದಿಯನ್ನು ಆರಿಸಿ ಮಷಿನ್ನಿಗೆ ತುರುಕಿದೆವು. ನಾಲ್ಕು ಕೊಡ ಸುರಿದರೂ ನೀರು ಕಾಣಲಿಲ್ಲ. ಆರು, ಎಂಟು. ಕುಡಿಯುತ್ತಿದ್ದದ್ದು ಮಷಿನ್ ಅಲ್ಲ, ಕೌದಿ. ಹನ್ನೊಂದನೆಯ ಕೊಡಕ್ಕೆ ಗುಂಡಿ ಒತ್ತಿದೆ. ಅದು ನರಳಿತು, ಒದ್ದಾಡಿತು, ಗೋಡೆ ಬಿಟ್ಟು ಒಂದು ಮೊಳ ಮುಂದೆ ನಡೆದು ಬಂದಿತು. ಸುಟ್ಟ ರಬ್ಬರಿನ ವಾಸನೆ. ಆಮೇಲೆ ನಿಂತಿತು.

ಕೌದಿಯನ್ನು ಹೊರಗೆಳೆಯಬೇಕಿತ್ತು. ನಮ್ಮಿಬ್ಬರಲ್ಲಿ ಕೆಲಸಕ್ಕೆ ಬರುವ ಕೈ ಮೂರು. ಎಳೆದೆವು, ಅರ್ಧ ಬಂತು, ಮತ್ತೆ ಒಳಗೇ ಜಾರಿತು. ರೇಣುಕಾ ಭುಜ ಹಿಡಿದು ನೆಲಕ್ಕೆ ಕೂತಳು. ಆಗ ಬಾಗಿಲಲ್ಲಿ ನೀಲವ್ವ, ಕೈಯಲ್ಲಿ ಸಂತೆಯ ಚೀಲ.

"ಎಷ್ಟು ಕೊಡ?" ಎಂದಷ್ಟೇ ಕೇಳಿದರು.

"ಹನ್ನೊಂದ್ರಿ," ಎಂದಳು ರೇಣುಕಾ. ನಲ್ಲಿಗೆ ಇನ್ನೂ ಐದು ದಿನವಿತ್ತು.

ನಾನು ಡಾಕ್ಟರು ಹೇಳಿದ್ದನ್ನು ಹೇಳಿಬಿಟ್ಟೆ. ನೀಲವ್ವ ನನ್ನ ಕಡೆ ನೋಡಲೇ ಇಲ್ಲ. "ಭುಜಾ ಬ್ಯಾನಿ ಅಂತ ಅಕ್ಕೋರಿಗೆ ಹೇಳೀದಿ, ಮಷಿನ್ನಿಗೆ ಹೇಳೀದಿ. ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ನಿಮ್ಮ ಕೈ ತೋರಸ್ತೀರಿ."

ನೀಲವ್ವನ ಬೆರಳುಗಳನ್ನು ನೀವು ನೋಡಿಲ್ಲ. ಹತ್ತೂ ಹೊರಕ್ಕೆ ಸೊಟ್ಟಗಾಗಿವೆ, ಯಾವುದೂ ಪೂರ್ತಿ ಮಡಚುವುದಿಲ್ಲ. ಆ ಮನೆಯಲ್ಲಿ ಯಾರು ನೋವು ಎಂದರೂ ಅವರು ಮಾತಾಡದೆ ಆ ಕೈ ಮುಂದೆ ಚಾಚುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಆಗಲೂ ಸೆರಗಿನೊಳಗಿಂದ ಕೈ ಹೊರಗೆ ಬಂದಾಗಿತ್ತು. ಅರ್ಧಕ್ಕೇ ನಿಂತಿತು. ಸ್ವಲ್ಪ ಹೊತ್ತು ಆ ಕೈಗೆ ಎಲ್ಲಿಗೆ ಹೋಗಬೇಕೆಂದು ತಿಳಿಯಲಿಲ್ಲ. ಆಮೇಲೆ ಅದು ಕೌದಿಯ ತುದಿ ಹಿಡಿಯಿತು. "ಎಳೀರಿ ಅಕ್ಕೋರ," ಎಂದರು.

ಮುಂದಿನ ಐದು ದಿನ ಅರ್ಧ ಬಕೀಟು ಸ್ನಾನ. ನೀಲವ್ವ ಕಾಲುವೆಯ ಮಾತೇ ಎತ್ತಲಿಲ್ಲ. ರೇಣುಕಾ ಕೇಳಲೂ ಇಲ್ಲ. ಭಾನುವಾರ ಬೆಳಿಗ್ಗೆ ಟ್ರ್ಯಾಕ್ಟರು ಬಂದಾಗ ಅವಳು ಎಂದಿನಂತೆ ಸೀರೆ ಎತ್ತಿ ಕಟ್ಟಿ ಟ್ರಾಲಿಯ ಪಕ್ಕ ಬಂದು ನಿಂತಳು. ಕೌದಿಗಳ ಮೇಲೆ ಕೂತಿದ್ದ ನೀಲವ್ವ ಕೆಳಗೆ ನೋಡಿದರು.

"ನೀ ಎಲ್ಲಿ ಹೊಂಟೀ? ಒಳಗ ನಡಿ. ಅಕ್ಕೋರ, ನೀವು ಹತ್ರಿ."

ಕಾಲುವೆಯಲ್ಲಿ ಮೊದಲ ಕೌದಿಯ ಒಂದು ತುದಿ ನನಗೆ ಕೊಟ್ಟರು. ಬಲ ಹಾಕಿ ತಿರುಚಿದೆ. ಅವರೂ ತಿರುಚಿದರು. ಕೌದಿ ಹಾಯಾಗಿ ಉರುಳುತ್ತಿತ್ತೇ ಹೊರತು ಒಂದು ಹನಿಯೂ ಬೀಳಲಿಲ್ಲ. ನಾನು ಅವರ ಕೈ ನೋಡಿಕೊಂಡು, ಕನ್ನಡಿಯಲ್ಲಿ ಕಂಡ ಹಾಗೆ, ಅದೇ ದಿಕ್ಕಿಗೆ ತಿರುಚುತ್ತಿದ್ದೆ. ಆಚೆ ಈಚೆಯ ಟ್ರ್ಯಾಕ್ಟರಿನ ಹೆಂಗಸರೆಲ್ಲ ಕೆಲಸ ಬಿಟ್ಟು ನಕ್ಕರು. "ಅಕ್ಕೋರ, ಸಾಲಿಯೊಳಗ ಇದನ್ನ ಕಲಸಿಲ್ಲೇನ್ರಿ?" ಎಂದಳು ಒಬ್ಬಳು.

ಮೂರನೆಯ ಕೌದಿಗೆ ನನ್ನ ಮುಂಗೈ ಸೋತಿತು. ನೀಲವ್ವ ನೆರಳಿನ ಕಡೆ ತಿರುಗಿದರು. "ಏ ಈರ್ಯಾ, ಏಳ ಮ್ಯಾಲ."

ಈರಣ್ಣ ಚುರುಮುರಿ ತುಂಬಿದ ಬಾಯಲ್ಲೇ, "ನಾನಽ?" ಎಂದ.

"ಹೂಂ, ನೀನಽ. ಹಿಡಿ ಈ ಕಡೆ."

ಅವನು ಎದ್ದ. ಸುತ್ತ ಯಾರ್ಯಾರು ನೋಡುತ್ತಿದ್ದಾರೆ ಎಂದು ನೋಡಿದ. ಎಲ್ಲರೂ ನೋಡುತ್ತಿದ್ದರು. "ಯಾಕ ನೀಲವ್ವಾ, ಸೊಸಿ ಬಿಟ್ಟು ಮಗನ್ನ ಕರಕೊಂಡ ಬಂದೀದಿ?" ಎಂದು ಆಚೆ ದಂಡೆಯಿಂದ ಕೂಗು ಬಂತು.

"ಹಿಂಡಾಕ ಕೈ ಬೇಕು, ಕುಪ್ಪಸ ಬೇಕಾಗಿಲ್ಲ," ಎಂದು ನೀಲವ್ವ ಇಲ್ಲಿಂದಲೇ ಕೂಗಿದರು.

ಉಳಿದ ಎಂಟು ಕೌದಿಯನ್ನು ತಾಯಿ ಮಗ ಹಿಂಡಿದರು. ಜಾಲಿ ಪೊದೆಗಳ ಮೇಲೆ ಹನ್ನೊಂದೂ ಮಧ್ಯಾಹ್ನದೊಳಗೆ ಒಣಗಿದವು. ಎಲ್ಲ ಸರಿಹೋಯಿತು ಎಂದು ನಾನು ಹೇಳಲಾರೆ. ಮನೆಗೆ ಬಂದಾಗ ರೇಣುಕಾ ಎಡಗೈಯಲ್ಲಿ ರೊಟ್ಟಿ ತಟ್ಟುತ್ತಿದ್ದಳು, ಎಲ್ಲವೂ ಒಂದು ಕಡೆ ದಪ್ಪ. ನಾವು ತಿಂದೆವು.

ದಸರೆ ರಜೆಗೆ ಊರಿಗೆ ಬಂದಿದ್ದೆನಲ್ಲ, ಆಗ ತಂಗಿಯ ಮನೆಯಲ್ಲಿ ಮಷಿನ್ನಿನ ಕೊಳವೆಯ ಕೆಳಗೆ ಬಕೀಟು ಇಟ್ಟು ಕೂತೆ. "ಎಂತ ಮಾಡ್ತಿದ್ದೆ ಅಕ್ಕ, ತಲೆ ಸಮ ಇತ್ತಾ?" ಎಂದು ಅವಳು ನಕ್ಕಳು. ಹೊರಗೆ ಮಳೆ ಹೊಯ್ಯುತ್ತಿತ್ತು, ಬಾವಿ ಕಟ್ಟೆಯವರೆಗೆ ತುಂಬಿತ್ತು. ಆದರೂ ಆ ನೀರು ಚರಂಡಿಗೆ ಹೋಗುವುದನ್ನು ನನ್ನಿಂದ ನೋಡಲಾಗಲಿಲ್ಲ. ಅಲ್ಲಿ ನಾನು ನೀರು ಎಣಿಸುವ ಜಿಪುಣಿ, ಇಲ್ಲಿ ಒಂದೇ ದಿನಕ್ಕೆ ಹನ್ನೊಂದು ಕೊಡ ಸುರಿದ ಅಕ್ಕೋರು. ವರ್ಗಾವಣೆಯ ಪಟ್ಟಿಯಲ್ಲಿ ಈ ಸಲವೂ ನನ್ನ ಹೆಸರಿರಲಿಲ್ಲ. ಅದಕ್ಕೆ ಎಷ್ಟು ಬೇಸರವಾಗಬೇಕಿತ್ತೋ ಅಷ್ಟು ಆಗಲಿಲ್ಲ. ಆ ಮಾತನ್ನು ತಂಗಿಗೆ ಹೇಳಿಲ್ಲ, ಇಲ್ಲಿ ನಿಮಗೆ ಹೇಳುತ್ತಿದ್ದೇನೆ.

ಹುಬ್ಬಳ್ಳಿಯಿಂದ ಬಂದ ರಿಪೇರಿಯವನು ಮಷಿನ್ನಿನ ಬೆಲ್ಟ್ ಬದಲಿಸಿದ. ಈಗ ನಲ್ಲಿ ಬಂದ ದಿನ ಎರಡೂ ಮನೆಯ ದಿನದ ಅರಿವಿ ಅದಕ್ಕೆ ಬೀಳುತ್ತವೆ. ನೀಲವ್ವ ಪಕ್ಕದಲ್ಲಿ ಕೂತು ಅದು ಉಗುಳುವ ನೀರನ್ನು ಒಂದು ಹನಿ ಬಿಡದೆ ಹಿಡಿಯುತ್ತಾರೆ. ಜೋಳದ ಚೀಲ ನೆಲಕ್ಕೆ ಬಂದಿದೆ.

ಎಳ್ಳು ಅಮಾವಾಸ್ಯೆ ಮುಗಿದ ಮೇಲೆ ಒಂದು ಮಧ್ಯಾಹ್ನ ನೀಲವ್ವ ಮಷಿನ್ನಿನ ಮುಚ್ಚಳ ತೆಗೆದು ಅದರ ಬಾಯಿಯ ಅಗಲವನ್ನು ಗೇಣಿನಲ್ಲಿ ಅಳೆದರು. ಆಮೇಲೆ ನನ್ನ ಕಲೆ ಬಿದ್ದ ಸೀರೆ ಕೇಳಿ ಇಸಕೊಂಡರು. ಹದಿನೈದು ದಿನಕ್ಕೆ ಒಂದು ಕೌದಿ ಆಯಿತು, ಚಿಕ್ಕದು, ಎರಡೇ ಪದರದ್ದು, ಮಷಿನ್ನಿಗೆ ಹಿಡಿಸುವಂಥದ್ದು. ಕೌದಿಯ ಕೊನೆಯ ತುಂಡು ಹೊಲಿಯುವ ಮೊದಲು ಒಳಗೆ ರೊಟ್ಟಿಯ ಚೂರು ಇಡುವುದು ಇಲ್ಲಿನ ಪದ್ಧತಿ. ಕೌದಿ ಹಸಿದಿರಬಾರದಂತೆ. ನೀಲವ್ವ ರೊಟ್ಟಿ ಇಟ್ಟರು. ಆಮೇಲೆ ತಡೆದು, "ಅಕ್ಕೋರ ಮಂದಿ ಅನ್ನ ಉಣ್ಣವ್ರು," ಎಂದು ನಾಲ್ಕು ಕಾಳು ಅಕ್ಕಿಯನ್ನೂ ಸೇರಿಸಿದರು. ರೇಣುಕಾ ಹೊಲಿದು ಬಾಯಿ ಮುಚ್ಚಿದಳು.