ಹುಳ ಬದುಕುವ ಬೆಂಗಳೂರು

ಬೆಳಿಗ್ಗೆ ಅಲಾರಂ ನಿಲ್ಲಿಸಲು ಮೊಬೈಲ್ ಕೈಗೆತ್ತಿಕೊಂಡರೆ, ಅದು ಕೇಳದೆಯೇ ಹವಾಮಾನ ಹೇಳುತ್ತದೆ. ಇಂದು ಬೆಂಗಳೂರಿನಲ್ಲಿ ಇಪ್ಪತ್ನಾಲ್ಕು ಡಿಗ್ರಿ, ಮೋಡ. ಹುಳಕ್ಕೆ ಪರವಾಗಿಲ್ಲ ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ಆಮೇಲೆ, ಅದನ್ನು ಕೇಳಿಸಿಕೊಳ್ಳಬೇಕಾದವಳು ಇಲ್ಲವೆಂದು ನೆನಪಾಯಿತು. ನನ್ನ ಹೆಂಡತಿ ಮಂಜುಳ ತೀರಿಹೋಗಿ ಐದು ತಿಂಗಳಾಯಿತು.

ಹುಳ ಎಂದರೆ ರೇಷ್ಮೆಹುಳ. ಲೋಕದಲ್ಲಿ ಬೇರೆ ಹುಳಗಳೂ ಇವೆ ಎಂಬುದು ಶಿಡ್ಲಘಟ್ಟದ ಸಾದಲಿ ಕಡೆಯವರಾದ ನಮಗೆ ಶಾಲೆಗೆ ಸೇರಿದ ಮೇಲೆ ತಿಳಿಯುವ ಸಂಗತಿ. ಹುಳಕ್ಕೆ ಹೊಗೆ ಆಗದು, ಸೆಂಟಿನ ವಾಸನೆ ಆಗದು, ಸೆಖೆ ಆಗದು, ಥಂಡಿಯೂ ಆಗದು. ಮಂಜುಳ ಬೀಗರನ್ನು ಕೂಡ ಕೈಕಾಲು ತೊಳೆಸದೆ ಒಳಗೆ ಬಿಟ್ಟವಳಲ್ಲ. ಹುಳವೂ ನಾವೂ ಆಗ ಒಂದೇ ಮನೆಯಲ್ಲಿದ್ದೆವು. ಮದುವೆಯಾದ ಹೊಸತರಲ್ಲಿ ನನ್ನ ತಲೆಯೆಣ್ಣೆ ಘಮ್ಮೆನ್ನುತ್ತದೆಂದು ಎರಡು ದಿನ ನನ್ನನ್ನು ಜಗಲಿಯಲ್ಲಿ ಮಲಗಿಸಿದ್ದಳು. ಹುಳಕ್ಕೆ ಅದರಿಂದ ಲಾಭವಾಯಿತಂತೆ. ನನಗೆ ನೆಗಡಿಯಾಯಿತು.

ಹುಳಕ್ಕೆ ಸೊಪ್ಪು ಕೊಡುತ್ತಿದ್ದ ಹಿಪ್ಪುನೇರಳೆ ತೋಟ ಪಾಲಾಗಿ ತಮ್ಮನಿಗೆ ಹೋಯಿತು. ನನಗೆ ಬೆಂಗಳೂರಿನ ಗೋಡೌನೊಂದರಲ್ಲಿ ಸ್ಟೋರ್ ಕೀಪರ್ ಕೆಲಸ ಸಿಕ್ಕಿತು. ಆಗ ಅವಳು ಹಾಕಿದ ಷರತ್ತು ಒಂದೇ.

"ಹುಳ ಬದುಕೋ ಅಂಥ ಮನೆ ಸಿಕ್ಕಿದ್ರೆ ಬರ್ತೀನಿ ಕಣ್ರೀ. ಇಲ್ದಿದ್ರೆ ನೀವು ಹೋಗಿ, ನಾನು ಚಿಂತಾಮಣಿಲಿ ನಮ್ಮಮ್ಮನ ಹತ್ರ ಇರ್ತೀನಿ."

ತಮಾಷೆ ಎಂದುಕೊಂಡೆ. ಮನೆ ನೋಡಲು ಹೊರಟ ಭಾನುವಾರ ನೋಡಿದರೆ, ಹುಳದ ಮನೆಯ ಥರ್ಮಾಮೀಟರ್ ಟವಲ್ಲು ಹೊದ್ದು ಅವಳ ಬ್ಯಾಗಿನಲ್ಲಿ ಮಲಗಿತ್ತು. ಹನ್ನೊಂದು ವರ್ಷ ಜೊತೆಗಿದ್ದವಳನ್ನು ಬಿಟ್ಟು ಲಾಡ್ಜಿನಲ್ಲಿ ಒಬ್ಬನೇ ಬದುಕುವ ಧೈರ್ಯ ನನಗಿರಲಿಲ್ಲ. ಅದನ್ನು ಹೇಳುವ ಧೈರ್ಯವೂ ಇರಲಿಲ್ಲ.

ನೀವು ಬೆಂಗಳೂರನ್ನು ನಕ್ಷೆಯಲ್ಲಿ ನೋಡಿರಬಹುದು. ನಾನು ಎರಡು ಭಾನುವಾರ ಅದನ್ನು ಹುಳದ ಕಣ್ಣಿನಿಂದ ನೋಡಿದೆ. ಯಲಹಂಕದವರೆಗೆ ಹುಳ ಬದುಕುತ್ತದೆ. ಹೆಬ್ಬಾಳದ ಫ್ಲೈಓವರ್ ಹತ್ತಿರ ಹೊಗೆಗೆ ಸಾಯುತ್ತದೆ. ಮಲ್ಲೇಶ್ವರದ ಗಾಳಿ ಒಳ್ಳೆಯದೇ, ಆದರೆ ಮನೆಮನೆಯಲ್ಲೂ ಊದುಬತ್ತಿ. ಜಯನಗರದಲ್ಲಿ ಮರದ ನೆರಳಿದೆ, ಜನ ಸೆಂಟು ಹಾಕುತ್ತಾರೆ. ಕೆ.ಆರ್. ಪುರದಲ್ಲಿ ಸೊಪ್ಪಿನ ಮೇಲೆ ಧೂಳು ಕೂರುತ್ತದೆ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿನಿಂದ ಬಸ್ಸಿಗೆ ಓಡುವ ಜನರನ್ನು ನೋಡುತ್ತ ಅವಳು ನಿಂತೇಬಿಟ್ಟಳು.

"ಒಂದು ತಟ್ಟೆಗೆ ಇಷ್ಟು ಹುಳ ಬಿಟ್ರೆ ಒಂದೂ ಗೂಡು ಕಟ್ಟಲ್ಲ ಕಣ್ರೀ."

ಮನೆಯೊಳಗೆ ಹೋದರೆ ಅವಳು ಅಡುಗೆಮನೆ ನೋಡುತ್ತಿರಲಿಲ್ಲ, ನಲ್ಲಿ ತಿರುಗಿಸುತ್ತಿರಲಿಲ್ಲ. ಗೋಡೆಯಲ್ಲಿ ಮೊಳೆ ಹುಡುಕಿ, ಥರ್ಮಾಮೀಟರ್ ನೇತುಹಾಕಿ, ಎದುರಿಗೆ ಕೈಕಟ್ಟಿ ನಿಲ್ಲುತ್ತಿದ್ದಳು. ಮೇಡಂ ಡಾಕ್ಟರಾ ಎಂದು ಬ್ರೋಕರ್ ನನ್ನ ಕಿವಿಯಲ್ಲಿ ಕೇಳಿದ. ಹತ್ತು ನಿಮಿಷ ಕಳೆದ ಮೇಲೆ ಅವಳ ತೀರ್ಪು: "ವದ್ದು." ಬೇಡ ಎಂಬುದನ್ನು ತೆಲುಗಿನಲ್ಲಿ ಹೇಳಿದರೆ ಅವನಿಗೆ ತಿಳಿಯುವುದಿಲ್ಲ, ಬೇಜಾರೂ ಆಗುವುದಿಲ್ಲ ಎಂದು ಅವಳ ಎಣಿಕೆ. ಬೆಂಗಳೂರಿನ ಬ್ರೋಕರಿಗೆ ತಿಳಿಯದ ಭಾಷೆ ಯಾವುದಿದೆ? ಐದನೆಯ ಮನೆಯಲ್ಲಿ ಅವಳು ಬಾಯಿ ತೆರೆಯುವ ಮೊದಲೇ ಅವನು "ವದ್ದು ಅಮ್ಮಾ, ಪದಂಡಿ" ಎಂದು ಚಪ್ಪಲಿ ಮೆಟ್ಟಿ ಹೊರಟ.

ಏಳನೆಯದು ಮತ್ತಿಕೆರೆಯ ಈ ಮನೆ. ಕೆಳಗೆ ಬೇಕರಿ; ಅದರ ಒಲೆಯ ಕಾವೆಲ್ಲ ನಮ್ಮ ನೆಲಕ್ಕೆ. ಮೂವತ್ತೊಂದು ಡಿಗ್ರಿ. ಸಾಲದ್ದಕ್ಕೆ ಓನರಮ್ಮ ಸಾಂಬ್ರಾಣಿ ಹೊಗೆ ಹಾಕುತ್ತಿದ್ದರು. ಮುಗಿಯಿತು ಎಂದು ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಮರುದಿನ ಕೆಲಸಕ್ಕೆ ಸೇರಬೇಕಿತ್ತು. ಬೆಳಗಿನಿಂದ ಊಟವಿಲ್ಲ, ತಲೆ ಎತ್ತಿ ಆಕಾಶ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವಳು ಬಂದು, ಇದೇ ಆಗಲಿ ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಎಲ್ಲಿ ಮನಸ್ಸು ಬದಲಾಯಿಸಿಬಿಡುತ್ತಾಳೋ ಎಂಬ ಭಯ. ಆ ಭಯದಲ್ಲೇ ಹದಿನಾರು ವರ್ಷ ಕೇಳದೆ ಕಳೆದೆ.

ಅವಳು ಹೋದ ಮೇಲೆ ನಾನು ಕೆಲಸದಿಂದ ಬಂದು ಕುರ್ಚಿಯಲ್ಲಿ ಕೂತರೆ ಏಳುವುದಿಲ್ಲ. ಓನರಮ್ಮ ಕೊಟ್ಟು ಕಳಿಸಿದ ಊಟ ಹಾಗೆಯೇ ವಾಪಸ್ಸು ಹೋಗುತ್ತದೆ. ಇವತ್ತು ಅವರೇ ಪಾತ್ರೆ ಹಿಡಿದು ಮೇಲೆ ಬಂದರು. ಬೇಡಮ್ಮ ಎಂದೆ.

"ಮನೆ ನೋಡೋಕೆ ಬಂದಾವತ್ತು ನಿಮ್ಮಾಕೆ ನನ್ ಹತ್ರ ಏನಂದ್ಲು ಗೊತ್ತೇನಪ್ಪ?" ಎಂದರು.

ಹುಳ ಪ್ರತಿ ಸಲ ಪೊರೆ ಬಿಡುವ ಮೊದಲು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಆಗ ಅದನ್ನು ಯಾರೂ ಮುಟ್ಟಬಾರದು, ತಟ್ಟೆಯನ್ನೂ ಸರಿಸಬಾರದು. ಇದನ್ನೆಲ್ಲ ಮಂಜುಳ ಅವರಿಗೆ ವಿವರಿಸಿದ್ದಳಂತೆ. ಆಮೇಲೆ ಮೆಟ್ಟಿಲ ಕಡೆ ತೋರಿಸಿ, "ನೋಡಿ, ನಮ್ಮೋರು ತಲೆ ಎತ್ಕೊಂಡು ಕೂತವ್ರೆ. ಇನ್ನ ಅಲ್ಲಾಡಿಸಬಾರದು. ಇದೇ ಮನೆ ಕೊಟ್ಬಿಡಿ" ಅಂದಳಂತೆ.

ಬೆಂಗಳೂರಿಗೆ ಅವಳು ಹುಳ ತರಲಿಲ್ಲ ಎಂದುಕೊಂಡಿದ್ದೆ. ಒಂದನ್ನು ತಂದಿದ್ದಳು. ಐದು ತಿಂಗಳಲ್ಲಿ ಮೊದಲ ಸಲ ನಕ್ಕೆ. ನಗು ನಿಲ್ಲಿಸಲು ಕಣ್ಣು ಒರೆಸಿಕೊಳ್ಳಬೇಕಾಯಿತು.

"ಎಷ್ಟು ದಿನಮ್ಮ ಹಂಗೆ ಕೂರತ್ತೆ ಅಂತ ಕೇಳ್ದೆ," ಎಂದರು ಓನರಮ್ಮ. "ಒಂದು ದಿನ, ಆಮೇಲೆ ಹಸ್ಕೊಂಡು ಏಳತ್ತೆ ಅಂದ್ಲು. ನಿಮ್ದು ಜಾಸ್ತಿ ಆಯ್ತಪ್ಪ."

ಪಾತ್ರೆ ಇಟ್ಟು ಇಳಿದುಹೋದರು. ಮುಚ್ಚಳ ತೆಗೆದೆ. ಉಪ್ಪಿಟ್ಟು. ಜೀವನದಲ್ಲಿ ನನಗೆ ಸೇರದ ತಿಂಡಿ ಇದೊಂದೇ. ಅಷ್ಟನ್ನೂ ತಿಂದು, ಇನ್ನೂ ಸ್ವಲ್ಪ ಇದೆಯೇ ಎಂದು ಕೇಳಲು ಪಾತ್ರೆ ಹಿಡಿದು ಕೆಳಗೆ ಹೋದೆ.