ಸದ್ದಡಗಿಸಿಕೊಂಡ ಹಾಲಿನ ಗಾಡಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಾಲಿನ ಕ್ರೇಟು ಹೊತ್ತ ಹಳೇ ಪಿಕಪ್ ಗಾಡಿ ಬೀದಿಯ ತಿರುವಿನಲ್ಲಿ ನಿಂತಿದೆ. ಸ್ಟೇರಿಂಗ್ ಹಿಡಿದ ಹಾಲಿನ ಅಕ್ಕ ಎಂಜಿನ್ ಆರಿಸಿ, ಹೊಸದಾಗಿ ಕೂರಿಸಿದ ಸ್ವಿಚ್ಚಿನ ಮೇಲೆ ಬೆರಳಿಟ್ಟು ಉಸಿರು ಬಿಗಿಹಿಡಿಯುತ್ತಾರೆ. ಪಕ್ಕದಲ್ಲಿ ಕೂತ ಅವರ ಮಾವನವರ ಸ್ಥಿತಿಯೂ ಅದೇ. ಇಬ್ಬರೂ ಸೇರಿ ಮನೆಯಂಗಳದಲ್ಲೇ ಗಾಡಿಗೆ ಬ್ಯಾಟರಿ, ಮೋಟಾರು ಜೋಡಿಸಿದ ಮೇಲೆ ಇದೇ ಮೊದಲ ಸವಾರಿ.

ಮೊದಲೆಲ್ಲ ಈ ಗಾಡಿ ಬಂತೆಂದರೆ ಬೀದಿಗೆ ಬೀದಿಯೇ ಎದ್ದು ಕೂರುತ್ತಿತ್ತು. ಅಕ್ಕನಿಗೆ 'ಗುಡುಗಮ್ಮ' ಎಂಬ ಬಿರುದೂ ಸಿಕ್ಕಿತ್ತು, ಅವರೂ ನಕ್ಕು ಸುಮ್ಮನಿದ್ದರು. ಆದರೆ ರಾತ್ರಿಪಾಳಿ ಮುಗಿಸಿ ಆಗಷ್ಟೇ ದಿಂಬಿಗೆ ತಲೆ ಕೊಡುವ ಮೂಲೆಮನೆಯ ನರ್ಸ್ ಒಂದು ದಿನ ಗಾಡಿಗೆ ಅಡ್ಡ ಬಂದರು.

"ಅಕ್ಕಾ, ಹಾಲು ಬೇಕು, ಈ ಗಲಾಟೆ ಬೇಡ. ಕೈ ಮುಗೀತೀನಿ, ನಂಗೆ ನಿದ್ದೆ ಬೇಕು."

ಬೀದಿಯವರೆಲ್ಲ ಅವರ ಪರ ನಿಂತರು: ತಿಂಗಳೊಳಗೆ ಸದ್ದು ನಿಲ್ಲದಿದ್ದರೆ ಬೇರೆಯವರಿಂದ ಹಾಲು. ಈ ಬೀದಿ ಕೈತಪ್ಪಿದರೆ ಅಕ್ಕನ ಅರ್ಧ ವ್ಯಾಪಾರವೇ ಹೋದಂತೆ.

ಆಗ ದಾರಿ ತೋರಿದವರು ಲೇತ್ ಕೆಲಸದಿಂದ ನಿವೃತ್ತರಾದ ಮಾವ. "ಎಂಜಿನ್ನು ಹಿಂದಿನ ಚಕ್ರ ತಿರುಗಿಸ್ಕೊಂಡಿರ್ಲಿ ಬಿಡಮ್ಮ. ಮುಂದಿನವೆರಡೂ ಸುಮ್ನೆ ಉರುಳ್ತಾವಲ್ಲ, ಅವಕ್ಕೆ ಮೋಟಾರು ಹಾಕೋಣ." ದೊಡ್ಡ ರಸ್ತೆಗೆ ಎಂಜಿನ್, ಬೀದಿಯೊಳಗೆ ಬ್ಯಾಟರಿ. ಅಂಗಳದಲ್ಲಿ ಬಟ್ಟೆ ಒಣಹಾಕಲೂ ಜಾಗ ಉಳಿಯಲಿಲ್ಲ. ಅತ್ತೆ ಗೊಣಗುತ್ತಲೇ ಟಾರ್ಚ್ ಹಿಡಿದರು.

ಮೊದಲ ಸಲ ಸ್ವಿಚ್ ಒತ್ತಿದಾಗ ಎಡಚಕ್ರ ಮುಂದಕ್ಕೆ, ಬಲಚಕ್ರ ಹಿಂದಕ್ಕೆ! ಎದುರುಬದುರು ಕೂತ ಮೋಟಾರುಗಳಿಗೆ ಒಂದೇ ಥರ ವೈರು ಕೊಟ್ಟಿದ್ದರು. ಗಾಡಿ ನಿಂತಲ್ಲೇ ಮೂತಿ ತಿರುಗಿಸಿ ಅತ್ತೆಯ ಹೂಕುಂಡಕ್ಕೆ ಗುದ್ದಿತು. "ನಾನೂ ನಿಮ್ಮತ್ತೆನೂ ಪೇಟೆಗೆ ಹೊರಟ ಹಾಗಾಯ್ತು!" ಎಂದು ಮಾವ ನಕ್ಕಿದ್ದೇ ತಡ, ಅತ್ತೆ ಟಾರ್ಚ್ ಆರಿಸಿ ಒಳಗೆ ಹೋದರು. ಅವರನ್ನು ರಮಿಸುವುದು ವೈರು ಬದಲಿಸುವುದಕ್ಕಿಂತ ಕಷ್ಟವಾಯಿತಂತೆ.

ಈಗ ಅಕ್ಕ ಸ್ವಿಚ್ ಒತ್ತುತ್ತಾರೆ. ಗಾಡಿ ಮೆಲ್ಲಗೆ, ನೆಟ್ಟಗೆ ಮುಂದೆ ಸರಿಯುತ್ತದೆ. ನಡುರಸ್ತೆಯಲ್ಲಿ ಮಲಗಿದ ಬೆಕ್ಕು ಏಳುವುದೇ ಇಲ್ಲ, ಮಾವನೇ ಇಳಿದು ಅದನ್ನೆತ್ತಿ ಪಕ್ಕಕ್ಕಿಡುತ್ತಾರೆ. ಮೂಲೆಮನೆಯ ಮೆಟ್ಟಿಲ ಮೇಲೆ ಹಾಲಿಟ್ಟು ಅಕ್ಕ ಕಿವಿಗೊಟ್ಟು ನಿಲ್ಲುತ್ತಾರೆ. ಒಳಗೆ ಯಾರೂ ಮಿಸುಕುವುದಿಲ್ಲ.

ಬಿಸಿಲೇರಿದ ಮೇಲೆ ನರ್ಸಿನ ಫೋನು. "ಏನಕ್ಕಾ, ಒಂದು ಮಾತು ಅಂದಿದ್ದಕ್ಕೆ ಇವತ್ತು ಬರೋದೇ ಬಿಟ್ರಾ? ಕಾಫಿಗೆ ಹಾಲಿಲ್ಲ ಇಲ್ಲಿ!"

"ಬಾಗಿಲು ತೆಗೆದು ನೋಡಮ್ಮ. ಹಾಲು ಒಡೆಯೋದ್ರೊಳಗೆ ಕಾಯಿಸ್ಕೊ."

ಫೋನಿಟ್ಟ ಅಕ್ಕನಿಗೆ ನಗು ತಡೆಯಲಾಗುತ್ತಿಲ್ಲ, ಕಣ್ಣೂ ತುಂಬಿದೆ. "ಇಷ್ಟು ವರ್ಷ ಬಂದಿದ್ದಕ್ಕೇ ಬೈಸ್ಕೊಂಡೆ. ಬರಲಿಲ್ಲ ಅಂತ ಬೈದಿದ್ದು ಇದೇ ಮೊದಲು. ದಿನಾ ಹೀಗೇ ಬೈತಿರ್ಲಿ, ಅಷ್ಟು ಸಾಕು ನಂಗೆ."